ತಗಡಿನ ಕೊಕ್ಕೆ

...ಮೆಲ್ಲಗೆ, ಮೆಲ್ಲಗೆ ಮಾತಾಡು. ಪದ್ಮ ಕೆಳಗೆ ಬೇಸ್‌ಮೆಂಟಿನಲ್ಲಿ ಬಟ್ಟೆ ಒಗೆಯೋಕೆ ಹಾಕಿದಾಳೆ. ಆ ಮಿಷನ್ನು ಗುಡುಗುಡು ಅಂತಿರೋವರೆಗೆ ಭಯವಿಲ್ಲ, ನಿಂತರೆ ಇಲ್ಲಿ ಆಡಿದ್ದೆಲ್ಲ ನೆಟ್ಟಗೆ ನನ್ನ ಸೊಸೆಯ ಕಿವಿಗೆ. ಬಾ ಅನಸೂಯ, ಹತ್ತಿರ ಬಾ. ಪಕ್ಕಕ್ಕಲ್ಲ, ಎದುರಿಗೆ ಕೂತ್ಕೊ. ನಾನು ಗೋಡೆಗೆ ಒರಗಿಯೇ ಕೂರಬೇಕು. ಮೂರು ದಿನದಿಂದ ಸೊಂಟ ಹಿಡಿದು ಮಲಗಿದ್ದವಳು ಈಗ ತಾನೆ ಕೋಣೆಯಿಂದ ಹೊರಗೆ ಬಂದಿದೀನಿ. ಎಲ್ಲಿ, ಕೈ ಮೇಲೆ ಕೈ ಹಾಕು. ನಾನು ಹೇಳಿದ್ದು ಅಂತ ಯಾರಿಗೂ ಹೇಳಕೂಡದು. ನಿನ್ನ ಗಂಡನಿಗೂ. ಕನ್ನಡ ಕೂಟದ ಸೆಕ್ರೆಟರಿ ಆದಮೇಲೆ ಚಂದ್ರಮೌಳಿಯ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ. ಆಣೆ ತಾನೆ? ಹಾಂ.

ಅವನಿಗೆ ಡೆಟ್ರಾಯಿಟ್ ಕಡೆಯಿಂದ, ನಾರ್ತ್‌ವಿಲ್‌ನಿಂದ, ಒಂದು ಕಾಗದ ಬಂದಿದೆಯಂತಲ್ಲ... ನೋಡು, ಹೇಗೆ ಕಣ್ಣು ಬಿಟ್ಟೆ. ಯಾರು ಹೇಳಿದರು ಅಂತ ಕೇಳಬೇಡ. ಬರೆದವಳು ಗುರುದೇವಿ. ಧಾರವಾಡದ ಕಡೆಯ ಗದಿಗೆಪ್ಪನ ಹೆಂಡತಿ. ಇದೇ ಗ್ಲೆಂಡೇಲ್ ಹೈಟ್ಸಿನಲ್ಲಿ ನಮ್ಮ ಪಕ್ಕದ ಮನೇಲಿ ಎರಡು ವರ್ಷ ಇದ್ದಳು. ನೀವು ಈ ಊರಿಗೆ ಬರೋದಕ್ಕೆ ಮುಂಚಿನ ಮಾತು, ನೀನು ಅವಳ ಮುಖ ಕಂಡಿಲ್ಲ. ಏನು ಬರೆದಿದಾಳೆ ಅನ್ನೋದೂ ನನಗೆ ಗೊತ್ತು. ಬರೋ ಭಾನುವಾರ ಕೂಟದಲ್ಲಿ ನನ್ನ ಮಗ ಶೇಷಾದ್ರಿಗೆ ಶಾಲು ಹೊದಿಸಿ ಹಾರ ಹಾಕ್ತೀರಲ್ಲ, ಅದನ್ನು ಹಾಕಬೇಡಿ ಅಂತ. ಕೋವಿಯ ಕೊಕ್ಕೆ ಶೇಷಾದ್ರಿದಲ್ಲ, ನನ್ನ ಗಂಡನದು ಅಂತ. ಹೌದೋ ಅಲ್ಲವೋ? ಆ ಕಾಗದ ಹರಿದು ಹಾಕಿಸು. ನಿನ್ನ ಕರೆಸಿದ್ದೇ ಅದಕ್ಕೆ. ಯಾಕೆ ಹರಿಯಬೇಕು ಅನ್ನೋದನ್ನ ಮೊದಲಿನಿಂದ ಕೇಳು. ಕಾಫಿ ಕುಡಿ, ಆರಿಹೋಗತ್ತೆ.

ಎಲ್ಕ್ ಗ್ರೋವ್ ವಿಲೇಜಿನಲ್ಲಿ ತಗಡು ಒತ್ತೋ ಕಾರ್ಖಾನೆ. ಶೇಷಾದ್ರಿ, ಗದಿಗೆಪ್ಪ ಇಬ್ಬರಿಗೂ ಅಲ್ಲೇ ಡ್ರಾಯಿಂಗ್ ಬರೆಯೋ ಕೆಲಸ. ಒಂದೇ ಕಾರಲ್ಲಿ ಹೋಗೋರು, ಒಂದೇ ಕಾರಲ್ಲಿ ಬರೋರು. ಅಲ್ಲಿ ತಯಾರಾಗೋದು ಬೇರೆ ದೇಶದ ಪೊಲೀಸರಿಗೆ ಕೋವಿ. ಯಾಕೆ ನಗ್ತೀಯ? ಈರುಳ್ಳಿ ಮುಟ್ಟದ ಮನೆಯವನು ಕೋವಿ ಮಾಡ್ತಾನೆ ಅಂತ ತಾನೆ? ಅವನು ಕಾಗದದ ಮೇಲೆ ಗೆರೆ ಎಳೀತಾನೆ ಅಷ್ಟೆ. ಸಾಯೋರು ಎಲ್ಲೋ ಸಾಯ್ತಾರೆ, ನಮ್ಮ ಮಡಿಗೇನು.

ಈಗಿನ ಕೋವಿ ನಮ್ಮ ಕಡೆ ಹಂದಿ ಹೊಡೆಯೋ ಜೋಡುನಳಿಗೆ ಅಲ್ಲ ಕಣೇ. ಒಂದು ಕೀಲು ಈ ಕಡೆ ತಿರುಗಿಸಿದರೆ ಒಂದೊಂದೇ ಗುಂಡು, ಆ ಕಡೆ ತಿರುಗಿಸಿದರೆ ಸಾಸಿವೆ ಸಿಡಿದ ಹಾಗೆ ಪಟಪಟಪಟ. ಒಂದೋ ಹತ್ತೋ ಅಂತ ಕಾಯೋದು ಕುದುರೆ ಹತ್ತಿರ, ಅದೇ, ಬೆರಳಲ್ಲಿ ಎಳೀತಾರಲ್ಲ ಅದರ ಹತ್ತಿರ, ಕಿರುಬೆರಳಿನಷ್ಟು ಒಂದು ಕೊಕ್ಕೆ. ಅದನ್ನು ಗಟ್ಟಿ ಉಕ್ಕು ಕೊರೆದು ಮಾಡ್ತಿದ್ದರಂತೆ, ಒಂದೊಂದಕ್ಕೂ ಹೊತ್ತು ಹಿಡಿಯೋದು. ತಗಡು ಮಡಚಿ ಒಂದೇ ಏಟಿಗೆ ಒತ್ತೋ ಹಾಗೆ ಯಾರಾದರೂ ಬರೆದುಕೊಟ್ಟರೆ ಅವರ ಹೆಸರು ನಿಲ್ಲತ್ತೆ ಅಂತ ದೊಡ್ಡ ಸಾಹೇಬ ಹೇಳಿದ್ದ.

ಆ ಕಾರ್ಖಾನೇಲಿ ಒಬ್ಬ ಜರ್ಮನ್ ಮುದುಕ ಇದ್ದ, ಓಟೋ ಅಂತ. ಅಚ್ಚು ಕಡೆಯೋನು. ದೊಡ್ಡ ಯುದ್ಧದ ಕಾಲಕ್ಕೆ ಅವನ ಊರಲ್ಲೇ ಇಂಥ ಕೋವಿಗೆ ತಗಡು ಒತ್ತುತ್ತಿದ್ದರಂತೆ. ಸೋತಮೇಲೆ ರಷ್ಯದವರು ಬಂದು ಅವನ ಮೇಸ್ತ್ರಿಗಳನ್ನು ರೈಲಿಗೆ ತುಂಬಿಕೊಂಡು ಹೋದರಂತೆ. ಅದಾದ ಮೇಲೆ ರಷ್ಯದ್ದು ಅಂತ ಒಂದು ಕೋವಿ ಬಂತು. ಎರಡು ವರ್ಷದ ಕೆಳಗಿನವರೆಗೂ ವಿಯೆಟ್ನಾಂ ಸುದ್ದೀಲಿ ಟೀವೀಲಿ ಕಾಣ್ತಿತ್ತಲ್ಲ, ಬಾಳೆಕಾಯಿ ಹಾಗೆ ಬಾಗಿದ ಡಬ್ಬಿ ಇರೋದು, ಅದು. ಅದರ ಮಾತು ಬಂದಾಗೆಲ್ಲ ಓಟೋ ಊಟದ ಡಬ್ಬಿ ಕುಕ್ಕೋನಂತೆ, ಅದು ನಮ್ಮದು, ನಮ್ಮದು ಅಂತ. ರಷ್ಯದವರು ಒಪ್ಪಲ್ವಂತೆ. ಹೊರಗಿನ ಆಕಾರ ಹೋಲಬಹುದು, ಒಳಗಿನ ಕರುಳೇ ಬೇರೆ, ಪೂರಾ ನಮ್ಮವನೇ ಮಾಡಿದ್ದು ಅಂತಾರಂತೆ. ಇನ್ನು ಕೆಲವರು, ಆ ಕುದುರೆ ಅಮೆರಿಕದವರ ಹಳೇ ಕೋವೀದು ಅಂತಾರಂತೆ. ಯಾರು ಕಂಡೋರು. ಒಂದು ಕೋವಿಗೆ ಮೂರು ದೇಶದಲ್ಲಿ ಅಪ್ಪಂದಿರು. ಅದರ ತಾಯಿ ಎಂಥವಳಿರಬೇಕು ನೀನೇ ಹೇಳು.

ಗದಿಗೆಪ್ಪನಿಗೆ ಮಧ್ಯಾಹ್ನದ ಊಟ ಆ ಮುದುಕನ ಜೊತೆ. ಗುರುದೇವಿ ಬೆಳಗ್ಗೆ ಎದ್ದು ಎರಡು ರೊಟ್ಟಿ ಹೆಚ್ಚಿಗೆ ಬಡಿಯೋಳು, ಓಟೋಗೆ ಅಂತ. ಆ ಸದ್ದು ನಮ್ಮ ಅಡುಗೆಮನೆಗೆ ಕೇಳೋದು, ಅಗಸರು ಕಲ್ಲಿಗೆ ಬಟ್ಟೆ ಬಡಿದ ಹಾಗೆ. ರೊಟ್ಟಿ ತಿಂದು ಮುದುಕ ತಗಡು ಹೇಗೆ ಬಗ್ಗತ್ತೆ, ಎಲ್ಲಿ ಬಿರುಕು ಬಿಡತ್ತೆ ಅಂತ ಹೇಳೋನು. ಗದಿಗೆಪ್ಪ ಕೇಳಿಕೊಂಡು ಮನೇಲಿ ಕೂತು ಬರೆಯೋನು. ಹೀಗೆ ಬರೆದೂ ಬರೆದೂ ಒಂದು ದಿನ ಕೊಕ್ಕೆ ಆಯಿತು, ಹಾಳೆ ದೊಡ್ಡ ಸಾಹೇಬನ ಕೈಗೆ ಹೋಯಿತು.

ಅವನ ಬರೆಯೋ ಚೆಂದ ಕೇಳಬೇಕು ನೀನು. ನಮ್ಮಲ್ಲಿ ಕಾಗದದ ತಲೇಲಿ ಶ್ರೀ ಅಂತ ಹಾಕಿ ಶುರು ಮಾಡ್ತೀವಿ. ಅವರದು ನಮಃ ಶಿವಾಯ. ಉಪ್ಪು ಮೆಣಸಿನಕಾಯಿ ಚೀಟಿ ಮೇಲೂ ನಮಃ ಶಿವಾಯ, ಹಾಲಿನವನಿಗೆ ಬಾಟಲಿಗೆ ಸಿಗಿಸೋ ಚೀಟಿ ಮೇಲೂ ನಮಃ ಶಿವಾಯ. ಆಫೀಸಿನ ಹಾಳೆಯ ಮೂಲೇಲೂ ಇರುವೆ ಸಾಲಿನಷ್ಟು ಸಣ್ಣಗೆ ಬರೆದೇ ಮೊದಲನೇ ಗೆರೆ ಎಳೆಯೋದಂತೆ. ಬಿಳಿಯರು ಅದನ್ನು ಯಾವುದೋ ಅಳತೆ ಅಂದುಕೊಂಡಿದ್ದರಂತೆ. ಗುರುದೇವಿ ಹೇಳಿದಾಗ ನಾನು ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡೆ. ನಮ್ಮ ಮನೇಲಿ ನಿದ್ದೆಗಣ್ಣಲ್ಲೂ ಆ ಹೆಸರು ಬಾಯಿಗೆ ಬರಲ್ಲ, ಬರೆಯೋ ಮಾತೇ ಇಲ್ಲ. ಅಯ್ಯಂಗಾರರ ಮನೆ.

ಏನು ನೋಡ್ತೀಯ, ನನ್ನ ತಲೆ ಮೇಲೆ? ಓ, ಆ ಕಟ್ಟು ಹಾಕಿಸಿರೋದಾ. ಅದೇ ಶೇಷಾದ್ರಿಯ ಡ್ರಾಯಿಂಗು. ಕೊಕ್ಕೆದು. ಕಂಪನಿಯವರೇ ಗಾಜು ಹಾಕಿಸಿ ಕೊಟ್ಟರು, ಕೆಳಗೆ ಅವನ ಹೆಸರು ಹಾಕಿ. ಭಾನುವಾರ ವೇದಿಕೆ ಮೇಲೆ ಇಡ್ತಾರಲ್ಲ, ಆವಾಗ ನೋಡುವೆಯಂತೆ. ಈಗ ನನ್ನ ಕಡೆ ನೋಡು.

ಆ ವರ್ಷ ಯುಗಾದಿ ಊಟ ನಮ್ಮನೇಲಿ. ಇಪ್ಪತ್ತು ಜನ. ಒಬ್ಬಟ್ಟು ಬಡಿಸ್ತಾ ಬಡಿಸ್ತಾ ಹೆಂಗಸರ ಸಾಲಿನಲ್ಲಿ ಒಂದು ಮಾತು ಅಂದೆ. ಗದಿಗೆಪ್ಪನ ಕೊಕ್ಕೆ ಗದಿಗೆಪ್ಪಂದಲ್ವಂತೆ, ಆ ಜರ್ಮನ್ ಮುದುಕನ ತಲೆ ಹಿಂಡಿ ತೆಗೆದದ್ದಂತೆ, ಅಂದೆ. ಅಂತೆ ಅಂದೆ ಕಣೇ. ಕಂಡೆ ಅನ್ನಲಿಲ್ಲ. ಗುರುದೇವಿ ಅಲ್ಲೇ ಕೋಸಂಬರಿ ಬಡಿಸ್ತಿದ್ದಳು, ಅವಳಿಗೆ ಕೇಳಿಸದ ಹಾಗೆ ತಗ್ಗಿಸಿಯೇ ಅಂದೆ. ಯಾರು ನನಗೆ ಹೇಳಿದ್ದಾ? ಯಾರೂ ಹೇಳಲಿಲ್ಲ. ಹಿಂದಿನ ದಿನ ಶೇಷಾದ್ರಿ ಮೊಸರನ್ನ ಕಲಸ್ತಾ, ಅದು ಹೊರದೇಶದ ನಕಲು ಅಂತ ಆದರೆ ಕಂಪನಿಯೋರು ಮುಟ್ಟಲ್ಲಮ್ಮ, ಅಂದಿದ್ದ. ಅಷ್ಟೆ. ಮಗ ಆಡಿದ ಮಾತು ತಾಯಿಗೆ ನೆನಪಿರಲ್ವಾ?

ಇಪ್ಪತ್ತು ಜನ ಇಪ್ಪತ್ತು ಮನೆಗೆ ಹೊತ್ತರು. ಒಂದು ವಾರಕ್ಕೆ ದೊಡ್ಡ ಸಾಹೇಬನ ಕಿವಿಗೆ ಹೋಯಿತು. ಅವನು ಓಟೋನ ಕರೆಸಿದ. ಕೂರಿಸಿ, ಡ್ರಾಯಿಂಗ್ ಮುಂದಿಟ್ಟು, ಇದು ನಿನ್ನದಾ ಅಂತ ಕೇಳಿದನಂತೆ. ಆ ಮುದುಕ ಮೂವತ್ತು ವರ್ಷ ನಮ್ಮದು ನಮ್ಮದು ಅಂತ ಬಡಕೊಂಡೋನು. ಒಬ್ಬರೂ ಕಿವಿಗೊಟ್ಟಿರಲಿಲ್ಲ. ಮೊದಲನೇ ಸಲ ಕೋಟು ಹಾಕಿದವರು ಮರ್ಯಾದೆಯಾಗಿ ಕೇಳ್ತಿದಾರೆ. ಹೌದು ಅಂದ. ರೊಟ್ಟಿ ತಿಂದ ಬಾಯಲ್ಲೇ ಹೌದು ಅಂದ.

ಗದಿಗೆಪ್ಪನ ಕೈಗೆ ಪೆನ್ಸಿಲ್ ಡಬ್ಬಿ ಕೊಟ್ಟು ಕಳಿಸಿದರು. ಕಳ್ಳ ಅಂದು ಕಳಿಸಿದರು. ಆವತ್ತು ಸಾಯಂಕಾಲ ಅವನು ಅವರ ಮನೆ ಮೆಟ್ಟಿಲ ಮೇಲೆ ಸ್ಕೇಲು ಹಿಡಕೊಂಡು ಕೂತು ಅಳ್ತಿದ್ದ. ಅಷ್ಟು ದೊಡ್ಡ ಮೀಸೆಯ ಗಂಡಸು, ಮೂಗು ಸುರಿಸಿಕೊಂಡು. ನಾನು ಪರದೆ ಸರಿಸಿ ನೋಡಿದೆ. ಲೋಟದ ಕಾಫಿ ಮುಗಿಯೋವರೆಗೂ ನೋಡಿದೆ. ಪದ್ಮ ಹೋಗಿ ಮಾತಾಡಿಸಿ ಬರ್ತೀನಿ ಅಂದಳು, ನಾನು ಬಿಡಲಿಲ್ಲ. ಈಗ ನಾರ್ತ್‌ವಿಲ್‌ನಲ್ಲಿ ಮನೆ. ಅವನು ಯಾವುದೋ ಕಾರಿನ ಗೋಡೌನಿನಲ್ಲಿ ಪೆಟ್ಟಿಗೆ ಜೋಡಿಸ್ತಾನಂತೆ, ಅವಳು ಕಾರಿನ ಸೀಟು ಹೊಲೀತಾಳಂತೆ. ಅವನಿಗೆ ಈಗ ಒಂದು ಗೆರೆ ನೆಟ್ಟಗೆ ಬರಲ್ವಂತೆ. ಕೇಳಿ ಪಾಪ ಅನ್ನಿಸ್ತು. ಇಲ್ಲ, ಅನ್ನಿಸಲಿಲ್ಲ, ನಿನ್ನ ಹತ್ತಿರ ಸುಳ್ಳು ಯಾಕೆ.

ಓಟೋ ಆ ಚಳಿಗಾಲಕ್ಕೇ ಸತ್ತ. ದೊಡ್ಡ ಸಾಹೇಬನೂ ಬದಲಾದ. ಹೊಸಬ ಬಂದಮೇಲೆ ಶೇಷಾದ್ರಿ ತನ್ನ ಕೊಕ್ಕೆ ಬರೆದುಕೊಟ್ಟ. ಬೇರೆ ಕೊಕ್ಕೆ ಕಣೇ. ಪೂರ್ತಿ ಬೇರೆ. ಹೇಗೆ ಬೇರೆ ಅಂತ ನನ್ನ ಕೇಳಿದರೆ? ನಾನು ಎರಡನೇ ಕ್ಲಾಸು. ಕನ್ನಡದ ಅಕ್ಷರವಾದರೆ ಕೂಡಿಸಿ ಕೂಡಿಸಿ ಓದ್ತೀನಿ. ಆ ಹಾಳೇಲಿ ನಾನು ಓದೋ ಅಂಥದ್ದು... ಅದೆಲ್ಲ ಇಂಗ್ಲಿಷು. ಗೆರೆ, ಅಂಕಿ. ನನಗೇನು ತಿಳಿಯತ್ತೆ.

ಅಷ್ಟಕ್ಕೂ, ಅಷ್ಟು ದೊಡ್ಡ ದೊಡ್ಡ ದೇಶಗಳೇ ಒಬ್ಬರದು ಒಬ್ಬರು ತಗೊಂಡು ತಮ್ಮ ಹೆಸರು ಕೆತ್ತಿಸಿಕೊಂಡಿರೋವಾಗ ಕಿರುಬೆರಳಿನಷ್ಟು ಕೊಕ್ಕೆಗೆ ಯಾಕೆ ಈ ರಂಪ? ನಾನು ಶೇಷಾದ್ರಿ ತಗೊಂಡ ಅನ್ನಲಿಲ್ಲ. ಮಾತಿಗೆ ಅಂದೆ.

ಮತ್ತೆ ಅಲ್ಲೇ ನೋಡ್ತೀಯಲ್ಲ. ಗಾಜಿನ ಮೇಲಿನ ಕುಂಕುಮವಾ? ಅದು ಆಯುಧಪೂಜೆಗೆ ಇಟ್ಟದ್ದು, ಹಾಗೇ ಅಭ್ಯಾಸ ಆಯಿತು. ದಿನಾ ಸ್ನಾನ ಆದಮೇಲೆ ಎಣ್ಣೇಲಿ ಕಲಸಿ, ಮೇಲಿನ ಎಡಮೂಲೇಲಿ ದಪ್ಪಗೆ ಮೆತ್ತೋದು. ಮಗನ ವಿದ್ಯೆ ಅಲ್ಲವಾ, ದೃಷ್ಟಿ ಆಗಬಾರದು. ಕೆಳಗೇ ಇಡಿ ಅಂತಾಳೆ ಪದ್ಮ, ನಾನು ಸ್ಟೂಲು ಹತ್ತಿಯಾದರೂ ಅಲ್ಲೇ ಇಡೋದು. ಅದು ಹತ್ತಿ ಇಳಿದೇ ಸೊಂಟ ಹಿಡಿದದ್ದು.

ಯಾಕೆ ಎದ್ದೆ? ಕೂತ್ಕೊ. ಅನಸೂಯ, ಕೂತ್ಕೊ, ಇನ್ನೂ ಮುಗೀಲಿಲ್ಲ. ಗಾಜಿಗೆ ಅಷ್ಟು ಹತ್ತಿರ ಮುಖ ಇಡಬೇಡ...

ಕುಂಕುಮ ಇಲ್ಲವಾ?

ತಿರುಗೋಕೆ ಆಗ್ತಿಲ್ಲ ನನಗೆ. ಇಲ್ಲವಾ? ಪದ್ಮ ಒರೆಸಿದಾಳೆ. ಭಾನುವಾರಕ್ಕೆ ಅಂತ ಲಕಲಕ ಒರೆಸಿ ಇಟ್ಟಿದಾಳೆ, ಮೂರು ದಿನ ನಾನು ಹಾಸಿಗೆ ಹಿಡಿದಿದ್ದು ನೋಡಿ. ಓದಬೇಡ. ಅದು ಅಳತೆ. ಅಳತೆ ಕಣೇ ಅದು. ಶೇಷಾದ್ರಿಗೆ ದಪ್ಪ ಕನ್ನಡಕ, ಅಷ್ಟು ಸಣ್ಣ ಅಕ್ಷರ ಅವನಿಗೆ ಕಾಣೋದಿಲ್ಲ. ಹೆಸರಿನ ಜಾಗ ಒಂದೇ ನೋಡಿದ ಅವನು, ಮೂಲೆ ನೋಡಲಿಲ್ಲ. ನಾನೂ ಹೇಳಲಿಲ್ಲ. ಹೇಳಿದ್ದರೆ ಆ ಹಾಳೆ ತೆಗೆದು ಸುಡೋನು, ಆಮೇಲೆ ಗೋಡೆ ಖಾಲಿ...

ಬೈಯೋದಾದರೆ ಬೈ. ಹೀಗೆ ನಿಂತು ನೋಡಬೇಡ. ಇದೇ ಜಾಗದಲ್ಲಿ ಗುರುದೇವಿಯೂ ಹೀಗೇ ನಿಂತಿದ್ದಳು. ಹೋದ ವರ್ಷ ಈ ಊರಿಗೆ ಒಂದು ಮದುವೆಗೆ ಬಂದವಳು, ಹಳೇ ನೆರೆಮನೆ ಅಂತ ನನ್ನ ಮಾತಾಡಿಸೋಕೆ ಬಂದಳು. ಕಾಲಿಗೆ ನಮಸ್ಕಾರ ಮಾಡಿದಳು. ನಾನು ಯುಗಾದೀಲಿ ಆಡಿದ್ದು ಅವಳಿಗೆ ಆವಾಗಿನ್ನೂ ಗೊತ್ತಿರಲಿಲ್ಲ. ಕುಂಕುಮ ಕಂಡು ದೇವರ ಪಟ ಅಂದುಕೊಂಡಳು. ಕೈ ಮುಗಿದು, ತುದಿಗಾಲಲ್ಲಿ ನಿಂತು, ಬೆರಳಿಂದ ಸವರಿ ಹಣೆಗೆ ಇಟ್ಟುಕೊಂಡಳು. ಬೆರಳು ಹೋದ ದಾರೀಲಿ ಗಂಡನ ಕೈಬರಹ ಮೂಡಿತು. ಹಾಳೆಯ ಮೇಲಿಂದ ಕೆಳಗಿನವರೆಗೆ ನೋಡಿದಳು, ಕೆಳಗಿನ ಹೆಸರು ನೋಡಿದಳು. ನಾನು ಹೂವು ಮುಡಿಸೋಕೆ ಅಂತ ಹಿಂದೆ ನಿಂತಿದ್ದೆ. ಕುಂಕುಮದ ಬಟ್ಟಲು ನನ್ನ ಕೈಗೆ ಇಟ್ಟು, ನನ್ನ ಮುಖಾನೇ ನೋಡಿಕೊಂಡು ಅಂದಳು:

“ಹಚ್ಚರಿ ಅಮ್ಮಾರ, ನಮ್ಮ ಶಿವಗ ದಿನಾ ಹಚ್ಚರಿ. ಒಂದ ದಿನ ತಪ್ಪಿದ್ರೂ ಯಾರರೆ ಓದತಾರ.”