ಎಡಗಡೆ ಡ್ರಾಯರಿನ ಕಾರ್ಡುಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುಳಿತಿರುವ ದೊಡ್ಡವರೇ, ವೇದಿಕೆ ಸಾಲದೆ ಕೆಳಗೆ ಕುಳಿತಿರುವ ಇನ್ನೂ ದೊಡ್ಡವರೇ, ಬಾಗಿಲ ಬಳಿ ನಿಂತು ಇದು ಯಾವಾಗ ಮುಗಿಯುತ್ತದೋ ಎಂದು ಗಡಿಯಾರ ನೋಡುತ್ತಿರುವ ಸಭಿಕರೇ,

ಮೊದಲು ನನ್ನ ಪರಿಚಯ. ಮೂವತ್ತೊಂದು ವರ್ಷ ಪಶುವೈದ್ಯರ ಕ್ಲಿನಿಕ್ಕಿನಲ್ಲಿ ಪ್ರಾಣಿಗಳನ್ನು ಹಿಡಿದುಕೊಳ್ಳುವ ಕೆಲಸ ಮಾಡಿಯೂ, ಇವತ್ತಿನವರೆಗೆ ಒಂದೇ ಒಂದು ಪ್ರಾಣಿಯ ಹಲ್ಲು ಸೋಕಿಸಿಕೊಳ್ಳದ ಈ ಭೂಮಂಡಲದ ಏಕೈಕ ಮನುಷ್ಯ ನಾನು. ಮುಂದಿನ ಸಾಲಿನವರು ನನ್ನ ಬಲಗೈ ಬ್ಯಾಂಡೇಜನ್ನು ಹಾಗೆ ದಿಟ್ಟಿಸಬೇಕಾಗಿಲ್ಲ. ಅದು ಬಾಗಿಲಿಗೆ ಸಿಕ್ಕಿ ಆದದ್ದು. ಬಾಗಿಲಿಗೆ ನಾಲ್ಕು ಹಲ್ಲು ಇರುತ್ತವೆಯೇ ಎಂದು ಕೇಳುವವರಿಗೆ ಉತ್ತರ ಕೊಡಲು ಸಮಯವಿಲ್ಲ. ನನಗೆ ಕೊಟ್ಟಿರುವುದೇ ಎರಡು ನಿಮಿಷ.

ಹೌದು, ನನ್ನ ಪಾಲಿಗೆ ಬಂದಿರುವುದು ವಂದನಾರ್ಪಣೆ. ನಿವಾಸಿಗಳ ಸಂಘದ ಕಾರ್ಯದರ್ಶಿಗಳು ಚೀಟಿಯನ್ನೂ ಬರೆದುಕೊಟ್ಟಿದ್ದಾರೆ. ಯಾರ ಹೆಸರಾದ ಮೇಲೆ ಯಾರ ಹೆಸರು, ಎಲ್ಲಿ ಚಪ್ಪಾಳೆಗೆ ನಿಲ್ಲಿಸಬೇಕು, ಎಲ್ಲಾ ಇದೆ. ಕೊನೆಯಲ್ಲಿ, “ನಮ್ಮ ಕ್ಲಿನಿಕ್ಕು ಸಲ್ಲಿಸಿದ ಸೇವೆಯನ್ನು ಈ ಬಡಾವಣೆ ಎಂದೆಂದಿಗೂ ಮರೆಯದು” ಎಂದು ಹೇಳಿ ನಾನು ಇಳಿಯಬೇಕಂತೆ. ಸ್ವಾಮಿ, ಇಂಥ ಮಾತನ್ನು ಯಾರ ಬಗ್ಗೆ ಹೇಳುತ್ತಾರೆ? ಹೋದವರ ಬಗ್ಗೆ ಹೇಳುತ್ತಾರೆ. ನಮ್ಮ ಕ್ಲಿನಿಕ್ಕು ಇವತ್ತು ಬೆಳಿಗ್ಗೆ ಹನ್ನೊಂದು ಟೋಕನ್ ನೋಡಿದೆ. ಹನ್ನೆರಡನೆಯದಕ್ಕೂ ಜನ ಕಾಯುತ್ತಿದ್ದರು, ಈ ಬೀಳ್ಕೊಡುಗೆಗೆ ತಡವಾಗುತ್ತದೆಂದು ಬಾಗಿಲು ಹಾಕಿ ಬಂದೆವು. ಉಸಿರಾಡುತ್ತಿರುವವರನ್ನು ಕೂರಿಸಿಕೊಂಡು ಕಣ್ಣೀರು ಹಾಕುವುದನ್ನು ನಾನು ಇಲ್ಲಿಯೇ ನೋಡಿದ್ದು. ಆದ್ದರಿಂದ ಈ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದೇನೆ. ಕಾರ್ಯದರ್ಶಿಗಳು ಕ್ಷಮಿಸಬೇಕು. ಕ್ಷಮಿಸದಿದ್ದರೂ ಇಳಿಯುವುದಿಲ್ಲ.

ಹೊಸದಾಗಿ ಬಡಾವಣೆಗೆ ಬಂದವರಿಗೆ ವಿಷಯ ಗೊತ್ತಿರಲಿ. ಈ ಕ್ಲಿನಿಕ್ಕು ಕಟ್ಟಿದವನು ನಮ್ಮಣ್ಣ. ಅವನು ಹೋಗಿ ಹದಿನಾಲ್ಕು ತಿಂಗಳಾಯಿತು. ಈಗ ನಡೆಸುತ್ತಿರುವವಳು ಅವನ ಮಗಳು, ಅಗೋ ಆ ಕೊನೆಯ ಕುರ್ಚಿಯಲ್ಲಿ ತಲೆ ತಗ್ಗಿಸಿಕೊಂಡು, ನನ್ನ ಕಡೆ ಬೇಕೆಂದೇ ನೋಡದೆ ಕೂತಿರುವ ಡಾಕ್ಟರಮ್ಮ. ಅವಳ ಪಕ್ಕದಲ್ಲಿರುವವರು ತಿರುವಿನಲ್ಲಿ ತಲೆಯೆತ್ತಿರುವ ಗಾಜಿನ ಕಟ್ಟಡದ ಪ್ರಾಣಿ ಆಸ್ಪತ್ರೆಯ ಮ್ಯಾನೇಜರು. ಅವರಿಬ್ಬರ ನಡುವಿನ ಮೇಜಿನ ಮೇಲೆ, ಸ್ಮರಣಿಕೆಯ ಕೆಳಗೆ, ಒಂದು ಕಾಗದ ಇದೆ. ನನ್ನ ವಂದನಾರ್ಪಣೆ ಮುಗಿದ ಕೂಡಲೇ ಡಾಕ್ಟರಮ್ಮ ಅದಕ್ಕೆ ಸಹಿ ಹಾಕುತ್ತಾಳೆ. ಹಾಕಿದರೆ ನಮ್ಮ ಕ್ಲಿನಿಕ್ಕು ಅವರದಾಗುತ್ತದೆ, ಬೋರ್ಡು ಕೆಳಗಿಳಿಯುತ್ತದೆ, ಇವಳು ಅವರಲ್ಲಿ ಸಂಬಳಕ್ಕೆ ಸೇರುತ್ತಾಳೆ. ಹಾಗಾದರೆ ನನ್ನ ವಂದನಾರ್ಪಣೆ ಬೇಗ ಮುಗಿಯಬೇಕೇ? ನೀವೇ ಹೇಳಿ.

ನಾನು ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ. ಎಂಟಕ್ಕೆ ಹೋಗಲಿಲ್ಲ, ಯಾಕೆಂದರೆ ನಮ್ಮ ಶಾಲೆಯಲ್ಲಿ ಎಂಟು ಇರಲಿಲ್ಲ. ಇದ್ದಿದ್ದರೆ ಈಗ ನಾನು ಮಂತ್ರಿಯಾಗಿರುತ್ತಿದ್ದೆ, ಅದು ಬೇರೆ ಮಾತು. ಅಣ್ಣ ಓದಿದ, ಡಾಕ್ಟರಾದ, ಈ ಬಡಾವಣೆಯಲ್ಲಿ ಒಂದು ಅಂಗಡಿಯನ್ನು ಬಾಡಿಗೆಗೆ ಹಿಡಿದ. ನನ್ನನ್ನು ಕರೆಸಿಕೊಂಡು, “ನಿಂಗೆ ಬರೋದು ಒಂದೇ ವಿದ್ಯೆ, ಓಡೋದನ್ನ ಹಿಡಿಯೋದು. ಬಾ, ಅದನ್ನೇ ಮಾಡು” ಅಂದ. ಅವತ್ತಿನಿಂದ ಹಿಡಿದುಕೊಂಡೇ ಇದ್ದೇನೆ. ಆಗ ಈ ಬೀದಿಯಲ್ಲಿ ಹಾಲಿನವರಿದ್ದರು, ನಾವು ನೋಡುತ್ತಿದ್ದದ್ದು ಎಮ್ಮೆ, ಹಸು, ಮೇಕೆ. ಆಮೇಲೆ ಕೊಟ್ಟಿಗೆ ಹೋಗಿ ಫ್ಲ್ಯಾಟು ಬಂತು. ಎಮ್ಮೆ ಹೋಗಿ, ಅಂಗಿ ತೊಟ್ಟ ನಾಯಿ ಬಂತು. ಎಮ್ಮೆಯ ಬಾಯಿಗೆ ಕೈ ಹಾಕಿದ ಅಣ್ಣನೇ ಗಿಣಿಯ ಉಗುರು ಕತ್ತರಿಸುವುದನ್ನೂ ಕಲಿತ. ಬದಲಾಗುವುದು ನಮಗೇನು ಹೊಸದೇ? ನಾವು ಗೊಣಗಿದ್ದೇವೆ, ಬದಲಾಗಿದ್ದೇವೆ, ಆದರೆ ಬಾಗಿಲು ಹಾಕಿದವರಲ್ಲ.

ಅಣ್ಣನದು ಒಂದು ಪದ್ಧತಿ ಇತ್ತು. ಬಂದ ಪ್ರತಿ ಪ್ರಾಣಿಗೂ ಒಂದು ದಪ್ಪ ಕಾರ್ಡು. ಮೇಲೆ ಪ್ರಾಣಿಯ ಹೆಸರು, ಅದರ ಕೆಳಗೆ ತೂಕ, ಸ್ವಭಾವ, ಇಂಜೆಕ್ಷನ್ನಿನ ತಾರೀಕು. ಸಾಕಿದವರ ಹೆಸರು, ವಿಳಾಸ ಎಲ್ಲಕ್ಕಿಂತ ಕೆಳಗೆ, ಸಣ್ಣ ಅಕ್ಷರದಲ್ಲಿ. ಡಾಕ್ಟರಮ್ಮ ಬಂದ ಮೇಲೆ ಕಂಪ್ಯೂಟರ್ ತಂದಳು. ಅದು ಮೊದಲು ಸಾಕಿದವರ ಹೆಸರು ಕೇಳುತ್ತದೆ, ಆಮೇಲೆ ಅವರ ಫೋನ್ ನಂಬರು, ಪ್ರಾಣಿ ಏಳನೆಯದು. ಕಾಯಿಲೆ ಯಾರಿಗೆ ಬಂದಿದೆ ಎಂಬುದೇ ಅದಕ್ಕೆ ಗೊತ್ತಿಲ್ಲ ಎಂದು ನಾನು ಒಂದು ವಾರ ಅದರ ಜೊತೆ ಮಾತು ಬಿಟ್ಟಿದ್ದೆ. ಈಗ ರಾಜಿಯಾಗಿದ್ದೇವೆ.

ಅಣ್ಣ ಹೋದದ್ದು ಕ್ಲಿನಿಕ್ಕಿನಲ್ಲೇ. ಹದಿನೆಂಟನೇ ಟೋಕನ್ ಮುಗಿಸಿ, “ಐದು ನಿಮಿಷ ಬೆನ್ನು ಚಾಚ್ತೀನಿ ಕಣೋ” ಎಂದು ಒಳಗೆ ಹೋದ. ನಾನು ಹೊರಗೆ ಒಂದು ಗಡವ ಬೆಕ್ಕನ್ನು ಕಂಕುಳಲ್ಲಿ ಇಟ್ಟುಕೊಂಡು, “ಹತ್ತೊಂಬತ್ತು! ಹತ್ತೊಂಬತ್ತು! ಡಾಕ್ಟ್ರೇ, ಹತ್ತೊಂಬತ್ತು ಬಂದಿದೆ!” ಎಂದು ಮೂರು ಸಲ ಕೂಗಿದೆ. ಅಷ್ಟೇ. ಅದನ್ನು ಇನ್ನೂ ಹೇಳುವುದು ಬೇಡ. ಬೆಕ್ಕಿಗೇನೂ ಆಗಲಿಲ್ಲ.

ಆಮೇಲೆ ಜನ ಬರುವುದು ಕಡಿಮೆಯಾಯಿತು. ಅದೇ ಸಮಯಕ್ಕೆ ಗಾಜಿನ ಆಸ್ಪತ್ರೆಯೂ ತೆರೆಯಿತು. ಅಲ್ಲಿ ತಣ್ಣಗಿನ ಗಾಳಿ, ಸೋಫಾ, ಕಾಫಿ ಮಷೀನು. ಡಾಕ್ಟರಮ್ಮ ಒಂದು ದಿನ, “ಚಿಕ್ಕಪ್ಪ, ಹಳಬರಿಗೆಲ್ಲ ಒಂದೊಂದು ಕಾಗದ ಬರೀರಿ. ವರ್ಷದ ಇಂಜೆಕ್ಷನ್ ಬಾಕಿ ಇದೆ ಅಂತ ನೆನಪು ಮಾಡಿ” ಅಂದಳು. ಕಾರ್ಡುಗಳು ಎರಡು ಕಡೆ ಇದ್ದವು. ಹೊರಗೆ ಕಬ್ಬಿಣದ ಪೆಟ್ಟಿಗೆಯಲ್ಲಿ ಸಾವಿರಾರು, ಧೂಳು ಹಿಡಿದು. ಅಣ್ಣನ ಮೇಜಿನ ಎಡಗಡೆ ಡ್ರಾಯರಿನಲ್ಲಿ ನೂರ ನಲವತ್ತಮೂರು, ದಾರ ಕಟ್ಟಿ, ಅಂಚು ಮುದುರದಂತೆ ಇಟ್ಟದ್ದು. ನನ್ನ ತಲೆ ಓಡಿತು. ಕೈಗೆ ಹತ್ತಿರ, ಅದೂ ಎದೆಯ ಎತ್ತರದಲ್ಲಿ ಯಾರನ್ನು ಇಟ್ಟುಕೊಳ್ಳುತ್ತಾರೆ? ಬಹಳ ಬೇಕಾದವರನ್ನು! ಇವರೇ ನಮ್ಮ ಮುಖ್ಯ ಗಿರಾಕಿಗಳು ಎಂದುಕೊಂಡು ಮೂರು ದಿನ ಕೂತು ನೂರ ನಲವತ್ತಮೂರಕ್ಕೂ ನನ್ನ ಮುತ್ತಿನಂಥ ಅಕ್ಷರದಲ್ಲಿ ಬರೆದೆ. “ನಿಮ್ಮ ಇಂಥದ್ದು ನಮ್ಮನ್ನು ನೋಡಿ ಬಹಳ ದಿನಗಳಾದವು. ಇಂಜೆಕ್ಷನ್ ಬಾಕಿ ಇದೆ. ನೆಪ ಹೇಳದೆ ಈ ವಾರವೇ ಕರೆದುಕೊಂಡು ಬರುವುದು.” ಅಂಚೆಗೆ ಹಾಕಿ ಬಂದೆ.

ಮೊದಲು ಬಂದವರು ಎರಡನೇ ಬೀದಿಯ ಟೈಲರಮ್ಮ. ಕೈಯಲ್ಲಿ ನನ್ನ ಕಾಗದ.

“ಏನ್ರೀ ಇದು? ನಮ್ಮ ಚುಕ್ಕಿ ಸತ್ತು ಆರು ವರ್ಷ ಆಯ್ತು. ನಿಮ್ಮಣ್ಣನ ಕೈಯಲ್ಲೇ ಪ್ರಾಣ ಬಿಡ್ತು. ನೆಪ ಹೇಳ್ಬೇಡಿ ಅಂತ ಬರ್ದಿದೀರಲ್ಲ, ಇದಕ್ಕಿಂತ ದೊಡ್ಡ ನೆಪ ಬೇಕಾ ನಿಮ್ಗೆ?”

ಆಗ ಅರ್ಥವಾಯಿತು ನನಗೆ. ಅಣ್ಣ ಸತ್ತುಹೋದ ಪ್ರಾಣಿಗಳ ಕಾರ್ಡನ್ನು ಎಸೆಯುತ್ತಿರಲಿಲ್ಲ. ತಾನು ಉಳಿಸಲಾರದೆ ಹೋದದ್ದನ್ನೆಲ್ಲ ಎಡಗಡೆ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದ. ಮೂವತ್ತು ವರ್ಷ ಪಕ್ಕದಲ್ಲೇ ನಿಂತಿದ್ದ ನನಗೆ ಒಂದು ಮಾತು ಹೇಳಿರಲಿಲ್ಲ. ನಾನು ಒಂದನ್ನೂ ಬಿಡದೆ ಸತ್ತವಕ್ಕೆಲ್ಲ ಇಂಜೆಕ್ಷನ್ನಿಗೆ ಬರಹೇಳಿದ್ದೆ.

ಬೇರೆ ಯಾರಾದರೂ ಆಗಿದ್ದರೆ ಕಾಲಿಗೆ ಬೀಳುತ್ತಿದ್ದರು. ನಾನು ಬೀಳುವವನೇ? “ಗೊತ್ತಿದ್ದೇ ಕರೆದಿದ್ದು ಅಮ್ಮಾ, ಕೂತ್ಕೊಳ್ಳಿ” ಅಂದೆ. ಬೆವರು ಕುತ್ತಿಗೆಯಿಂದ ಕೆಳಗಿಳಿಯುತ್ತಿತ್ತು. ಒಳಗಿನಿಂದ ಡಾಕ್ಟರಮ್ಮ ಬಂದಳು. ನನ್ನ ಮುಖ ನೋಡಿದಳು, ಕಾಗದ ನೋಡಿದಳು, ಕೆಂಡವಾದಳು. ಆದರೆ ಬಯ್ಯಲಿಲ್ಲ. ಡ್ರಾಯರಿನಿಂದ ಚುಕ್ಕಿಯ ಕಾರ್ಡು ತೆಗೆದು ಅವರ ಮುಂದೆ ಓದಿದಳು. “ಚುಕ್ಕಿ. ಬಿಳಿ ಬೆಕ್ಕು, ಎಡಗಿವಿ ಕಪ್ಪು. ಥರ್ಮಾಮೀಟರ್ ಕಂಡರೆ ಆಗುವುದಿಲ್ಲ. ಮೊದಲು ಹೊಲಿಗೆಯ ವಿಷಯ ಮಾತಾಡಿಸಬೇಕು, ಆಗ ಸಾಕಿದವರ ಕೈ ನಡುಗುವುದು ನಿಲ್ಲುತ್ತದೆ, ಬೆಕ್ಕೂ ಸುಮ್ಮನಾಗುತ್ತದೆ.”

ಟೈಲರಮ್ಮ ನಕ್ಕರು. “ಅದಕ್ಕಾ ಡಾಕ್ಟ್ರು ಪ್ರತಿ ಸಲ ಬ್ಲೌಸಿನ ರೇಟು ಕೇಳ್ತಿದ್ದದ್ದು! ಹೆಂಡ್ತಿಗೆ ಹೊಲಿಸ್ತಾರೇನೋ ಅಂತ ನಾನು ಕಾಯ್ತಾನೇ ಇದ್ದೆ!” ನಗುತ್ತಾ ನಗುತ್ತಾ ಸೆರಗು ಕಣ್ಣಿಗೆ ಹೋಯಿತು. ಬೆಂಚಿನ ಮೇಲೆ ಒಂದು ಗಂಟೆ ಕೂತು ಹೋದರು.

ಎಲ್ಲರೂ ಹಾಗೆ ಬರಲಿಲ್ಲ, ಸುಳ್ಳು ಹೇಳುವುದಿಲ್ಲ. ಒಬ್ಬ ಲಾರಿ ಡ್ರೈವರು ಕಾಗದವನ್ನು ಹರಿದು ನನ್ನ ಮುಖದ ಮೇಲೆಸೆದ. “ಮನೇಲಿ ಮಗು ಮೂರು ದಿನದಿಂದ ಅಳ್ತಿದೆ, ನಾಯಿ ವಾಪಸ್ ಬಂತಾ ಅಂತ ಕೇಳ್ತಿದೆ” ಅಂದ. ನಾನು ಬಗ್ಗಿ ಕಾಗದದ ಚೂರುಗಳನ್ನು ಆರಿಸಿಕೊಂಡೆ. ಆದರೆ ಅರವತ್ತು ಜನ ಬಂದರು. ಬಯ್ಯಲು ಬಂದರು, ಕೂತರು, ತಮ್ಮ ಕಾರ್ಡು ಕೇಳಿಸಿಕೊಂಡು ಹೋದರು. ಡಾಕ್ಟರಮ್ಮ ಬುಧವಾರ ಮಧ್ಯಾಹ್ನ ಎರಡು ಗಂಟೆ ಅದಕ್ಕೆಂದೇ ಬಿಟ್ಟಳು. ಪ್ರಾಣಿ ಇಲ್ಲದವರೂ ಬರಬಹುದು, ಟೋಕನ್ ಬೇಡ. ಹಾಗೆ ಬಂದವರಲ್ಲಿ ಕೆಲವರು ಮತ್ತೆ ಬಂದರು, ಮಡಿಲಲ್ಲಿ ಮರಿ ಇಟ್ಟುಕೊಂಡು. ಅಕ್ಕಪಕ್ಕದವರನ್ನೂ ಕರೆತಂದರು. ಟೈಲರಮ್ಮನ ಮನೆಯಲ್ಲಿ ಈಗ ಎರಡು ಬೆಕ್ಕು. ಮ್ಯಾನೇಜರೇ, ನಿಮ್ಮ ಕಾಫಿ ಚೆನ್ನಾಗಿದೆ, ಕದ್ದು ಕುಡಿದಿದ್ದೇನೆ. ಆದರೆ ಬರಿಗೈಯಲ್ಲಿ ಬಂದವರನ್ನು ನಿಮ್ಮ ಸೋಫಾದ ಮೇಲೆ ಎಷ್ಟು ಹೊತ್ತು ಕೂರಿಸುತ್ತೀರಿ?

ಹಾಗಾದರೆ ಕ್ಲಿನಿಕ್ಕು ಏಕೆ ಮುಚ್ಚಬೇಕು? ಜನ ಬರುತ್ತಿದ್ದಾರೆ. ಡಾಕ್ಟರಮ್ಮ ಅಪ್ಪನಿಗಿಂತ ಚೆನ್ನಾಗಿ ಹೊಲಿಗೆ ಹಾಕುತ್ತಾಳೆ, ಇದನ್ನು ಅಣ್ಣನೇ ಹೇಳಿದ್ದ, ಅವಳ ಮುಂದೆ ಮಾತ್ರ ಹೇಳಲಿಲ್ಲ. ಮತ್ತೇಕೆ ಆ ಕಾಗದ ಮೇಜಿನ ಮೇಲಿದೆ?

ಮೊನ್ನೆ ಅವಳು ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಕೂತು, “ಅಪ್ಪ ಕೂಡಿಟ್ಟಿದ್ದು ಒಂದೇ ವರ್ಷದಲ್ಲಿ ಕರಗಿಹೋಯ್ತು ಚಿಕ್ಕಪ್ಪ. ಹಳೇ ಬಾಕಿ ತೀರಿಸಿದ ಮೇಲೆ ಏನೂ ಉಳೀಲಿಲ್ಲ, ಮತ್ತೆ ಕೂಡಿಸೋಕೂ ನನ್ನಿಂದ ಆಗ್ಲಿಲ್ಲ. ನನ್ನ ಕೈಗುಣ ಸರಿ ಇಲ್ಲ. ಬಿಟ್ಬಿಡ್ತೀನಿ” ಅಂದಳು. ನಾನು ಪಕ್ಕದಲ್ಲೇ ಇದ್ದೆ. ಇಡೀ ಬಡಾವಣೆಯಲ್ಲಿ ನನ್ನ ಬಾಯಿ ಮುಚ್ಚಿಸಿದವರು ಯಾರೂ ಇಲ್ಲ, ಆದರೆ ಅವತ್ತು ಮುಚ್ಚಿತು.

ಆ ಹಣ ಅಣ್ಣ ಎಕ್ಸ್‌ರೇ ಮಷೀನಿಗೆಂದು ಕೂಡಿಟ್ಟದ್ದು. ಖಾತೆಯಲ್ಲಿ ಅವನ ಹೆಸರಿನ ಜೊತೆ ನನ್ನ ಹೆಸರೂ ಇತ್ತು. ಅಣ್ಣ ಹೋದ ಎರಡನೇ ತಿಂಗಳು, ಹೊಳೆಯುವ ಬೂಟಿನವನೊಬ್ಬ ಬಂದ. “ಸರ್, ನಿಮ್ಮಂಥ ಅನುಭವಸ್ಥರಿಗೆ ಅಂತಲೇ ಅರ್ಧ ಬೆಲೆಗೆ ಕೊಡ್ತೀವಿ” ಅಂದ. ನನ್ನನ್ನು ಸರ್ ಅಂದ! ಮೂವತ್ತೊಂದು ವರ್ಷದಲ್ಲಿ ಮೊದಲ ಸಲ. ಡಾಕ್ಟರಮ್ಮನಿಗೆ ಹೇಳದೆ, ಮಷೀನು ತಂದು ನಿಲ್ಲಿಸಿ ಬೆರಗುಗೊಳಿಸುತ್ತೇನೆ ಎಂದುಕೊಂಡು, ಪೂರ್ತಿ ಹಣ ಮುಂಗಡವಾಗಿ ಎಣಿಸಿಕೊಟ್ಟೆ. ಮಷೀನು ಬಂತು. ಮೇಲಿನ ತಗಡು ಹೊಸದು, ಬಣ್ಣ ಹೊಸದು, ಒಳಗೆ ಏನೂ ಇಲ್ಲ. ಬೂಟಿನವನ ಫೋನು ಅವತ್ತಿನಿಂದ ರಿಂಗಾಗಿಲ್ಲ. ಹಿಂದಿನ ಕೋಣೆಯಲ್ಲಿ ಬಟ್ಟೆ ಹೊದಿಸಿಟ್ಟಿರುವುದು ಹಳೇ ಫ್ರಿಜ್ಜು ಅಂತ ನಿಮಗೆಲ್ಲ ಹೇಳಿದ್ದೆನಲ್ಲ, ಅದೇ ಇದು. ಡಾಕ್ಟರಮ್ಮನಿಗೆ, “ನಿಮ್ಮಪ್ಪನ ಕಾಲದ ಔಷಧಿ ಬಾಕಿ ಇತ್ತು, ತೀರಿಸಿದೆ” ಎಂದೆ. ಸತ್ತ ಅಣ್ಣನ ತಲೆಗೆ ಕಟ್ಟಿದೆ. ಅವಳು ನಂಬಿದಳು. ಚಿಕ್ಕಪ್ಪ ಹೇಳಿದ್ದು ತಾನೇ.

ಮಗಳೇ, ಈಗಲಾದರೂ ತಲೆ ಎತ್ತು. ಸಹಿ ಹಾಕುವುದಾದರೆ ಹಾಕು, ಅದು ನಿನ್ನ ಇಷ್ಟ. ಆದರೆ ನಿನ್ನ ಕೈಗುಣದ ಮೇಲೆ ಹಾಕಬೇಡ. ನೀನು ಕ್ಲಿನಿಕ್ಕಿನಲ್ಲಿ ಒಂದು ಬಿಡಿಗಾಸನ್ನೂ ಕಳೆದಿಲ್ಲ. ಕಳೆದವನು ನಾನು, ಒಬ್ಬನೇ. ಸ್ಕೂಟರ್ ಮಾರಿದ್ದೇನೆ, ಅದಕ್ಕೇ ಈಗ ನಡೆದು ಬರುತ್ತಿರುವುದು, ಆರೋಗ್ಯಕ್ಕಲ್ಲ. ಉಳಿದದ್ದನ್ನು ಪ್ರಾಣಿ ಹಿಡಿದೇ ತೀರಿಸುತ್ತೇನೆ. ಅದಕ್ಕಾದರೂ ಹಿಡಿಯಲು ಒಂದು ಕ್ಲಿನಿಕ್ಕು ಬೇಕು ನನಗೆ.

ಅಧ್ಯಕ್ಷರು ಗಂಟೆ ಒತ್ತುತ್ತಿದ್ದಾರೆ. ಒತ್ತಲಿ. ವಂದನಾರ್ಪಣೆ ಮಾಡಿಯೇ ಇಳಿಯುತ್ತೇನೆ. ಸಭಾಂಗಣ ಕೊಟ್ಟ ಶಾಲೆಯವರಿಗೆ, ನನ್ನ ದನಿಯನ್ನು ತಡೆದುಕೊಂಡ ಮೈಕಿನವರಿಗೆ, ಕಾಗದ ಹಿಡಿದು ಬಯ್ಯಲು ಬಂದ ಅರವತ್ತು ಮಂದಿಗೆ, ಬಾರದೆ ಮನೆಯಲ್ಲೇ ಕೂತು ಬಯ್ದ ಎಂಬತ್ತಮೂರು ಮಂದಿಗೆ ವಂದನೆಗಳು. ಕಳೆದದ್ದೆಷ್ಟು ಎಂದು ಹೆಂಡತಿಗೆ ನಲವತ್ತು ಸಾವಿರ ಅಂದಿದ್ದೆ, ಕ್ಷೌರದಂಗಡಿಯವನಿಗೆ ಒಂದು ಲಕ್ಷ ಅಂದಿದ್ದೆ, ಕನ್ನಡಿಯ ಮುಂದೆ ನಿಂತಾಗ ಲೆಕ್ಕವನ್ನೇ ಮಾಡುತ್ತಿರಲಿಲ್ಲ. ಕಾರ್ಯದರ್ಶಿಗಳು ಬರೆದುಕೊಳ್ಳಬೇಕು, ಡಾಕ್ಟರಮ್ಮ ಕೇಳಿಸಿಕೊಳ್ಳಬೇಕು: ಮೂರು ಲಕ್ಷದ ಎಂಬತ್ತನಾಲ್ಕು ಸಾವಿರದ ಆರುನೂರು.

ನಮಸ್ಕಾರ.