ರೇಣವ್ವ ಕೇಳಿದ ಪುಸ್ತಕ

ಹಂಗಲ್ರೋ, ಜೇಲಲ್ಲ ಅದು, ಟಿಕೋಟ್ಯಾಗಿನ ಒಂದು ಸಾಲಿ. ಕೊರೊನಾ ಬಂದು ಪುಣೆದಾಗ ನಮ್ಮ ಗಾರೆ ಕೆಲಸ ನಿಂತ್ವು, ಲಾರಿ ಹತ್ತಿ ಬಂದ್ವಿ. ನಮ್ಮೂರು ಬಿಜ್ಜರಗಿ ಇನ್ನೇನ ಬಂತು ಅನ್ನೂದ್ರಾಗ, 'ಕ್ವಾರಂಟೈನ್ ಮುಗಿಯೂತನಕ ಊರಾಗ ಬಿಡಂಗಿಲ್ಲ' ಅಂತ ಸರಕಾರದಾವ್ರು ಸಾಲಿ ಖೋಲ್ಯಾಗ ನಮ್ಮನ್ನ ಇಟ್ಟು ಗೇಟ್ ಹಾಕಿದ್ರು. ಹೊತ್ತ ಹೋಗವಲ್ದು ನೋಡ್ರಿ. ನಾನು ಏಳನೇತ್ತ ಕಲತಾಕಿ, ಉಳದ ಹೆಣಮಕ್ಕಳಿಗೆ ಓದಾಕ ಬರತಿದ್ದಿಲ್ಲ. ಗ್ವಾಡಿ ಮ್ಯಾಲಿನ ಅಕ್ಷರ ಎಷ್ಟಂತ ಓದಿ ಹೇಳಲಿ? ಒಂದಿನ ಮಾಸ್ತರು ಗೇಟಿನ ಆಚೆ ನಿಂತು, "ಅಕ್ಕಾರ, ಕಪಾಟಿನ ಕೀಲಿ ಇಟ್ಟೇನಿ, ಯಾವ ಬೇಕ ಆ ಪುಸ್ತಕ ತಗೋರಿ" ಅಂದ್ರು. ತೆಗದೆ, ಯವ್ವಾ, ಎಷ್ಟ ಪುಸ್ತಕ! ಇದನ್ನ ಹಿಡದ್ರ ಅದು ಕರೀತೇತಿ, ಅದನ್ನ ಹಿಡದ್ರ ಇದು. ಚುಕ್ಕಿ ಚಂದ್ರಾಮಂದು ಒಂದಿತ್ತು, ನನ್ನ ಜೀವ ಅದರ ಮ್ಯಾಲೆ. ಆದ್ರ ಮೂಲ್ಯಾಗ, ನಮ್ಮ ಕೂಡ ಲಾರ್‍ಯಾಗ ಬಂದ ರೇಣವ್ವ ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು. ಯಾಕಂದ್ರ, ಆಕಿ ಗಂಡ ಪರಸೂಗ ದಮ್ಮ ಹತ್ತಿ ಸೀದಾ ವಿಜಯಪುರದ ದವಾಖಾನಿಗೆ ಒಯ್ದಿದ್ರು. ಆಕಿ ಉಂಡಿದ್ದಿಲ್ಲ.

ಮೊದಲ ದೇವರ ಪುಸ್ತಕ ಹಿಡದೆ. "ಸಾಕ ಬಿಡ ಯಕ್ಕಾ, ದೇವರಿದ್ದಾನ ಅಂತ ಎಲ್ಲಾರೂ ಹೇಳ್ಯಾರ" ಅಂದ್ಲು. ನಗಿಚಾಟಿಗಿ ಕಥಿ ಓದಿದೆ, ಎಲ್ಲಾರೂ ನಕ್ರು, ಆಕಿ ಸೆರಗ ಮಾರಿ ಮ್ಯಾಲೆ ಎಳಕೊಂಡ್ಲು. ನಾ ಪುಸ್ತಕ ಮುಚ್ಚಿದೆ. ಆಮ್ಯಾಲೆ ತಾನ ಕೇಳಿದ್ಲು, "ಯಕ್ಕಾ, ಉಸರಿಂದು ಐತೇನ ಅದರಾಗ?" "ಯಾವ ಉಸರ ಬೇ?" "ಮನಶಾ ಉಸರ ಹೆಂಗ ಆಡತಾನ, ಅದು. 'ಆಕ್ಸಿಜನ್ ಹಚ್ಚೇವಿ' ಅಂತ ಫೋನಿನ್ಯಾಗ ಅಂದ್ರು. ಅದನ್ನ ಹಚ್ಚಿದ್ರ ಮುಗೀತಂತಲ್ಲ?"

ಕಪಾಟ ಎಲ್ಲಾ ಹುಡಿಕಿದೆ. ರಟ್ಟ ಹರದ ವಿಜ್ಞಾನದ ಪಾಠಪುಸ್ತಕ ಸಿಕ್ತು. ಚಿತ್ರಾ ತೋರಿಸಿ ಓದಿದೆ: ಎದಿಯಾಗ ಎರಡು ಶ್ವಾಸಕೋಶ, ಅದರಾಗ ಸಣ್ಣ ಸಣ್ಣ ಗಾಳಿಚೀಲ, ಅಲ್ಲಿಂದ ರಕ್ತಕ್ಕ ಗಾಳಿ. ರೇಣವ್ವ ಎದ್ದ ಕುಂತ್ಲು. ಪಕ್ಕೆಲುಬಿನ ಮ್ಯಾಲೆ ಕೈ ಇಟ್ಟು ಉಸರ ಎಳದ್ಲು, ಬಿಟ್ಲು. "ಹಂಗಾರ ಗಾಳಿ ಹಚ್ಚಿದ್ದು ಸಾಯಾಕಲ್ಲ?" "ಅಲ್ಲ ಬೇ, ಚೀಲ ದಣದಾವ, ಆಸರ ಕೊಟ್ಟಾರ." "ಇನ್ನೊಮ್ಮಿ ಓದ." ಓದಿದೆ. ಆವತ್ತ ಉಂಡ್ಲು. ಮರುದಿನ ಫೋನಿನ್ಯಾಗ ತಾನ ಕೇಳಿದ್ಲು, "ಸಿಸ್ಟರ, ಇವತ್ತ ಗಾಳಿ ಕಮ್ಮಿ ಹಚ್ಚೀರೋ, ಜಾಸ್ತಿನೋ?" ಆ ಸಿಸ್ಟರು, "ಕಮ್ಮಿ ಮಾಡೇವಿ, ನಿಮ್ಮವರು ಗಂಜಿ ಕುಡದಾರ" ಅಂದ್ಲಂತ. ರೇಣವ್ವನ ಮಾರಿ ನೋಡಬೇಕಿತ್ರಿ ನೀವು! ಅಲ್ಲಿಂದ ಖೋಲಿಗಿ ಖೋಲಿನ ನನ್ನ ಕೇಳಾಕ ಚಾಲೂ ಮಾಡಿತು: ಆಡಿನ ಕೆಚ್ಚಲದಾಗ ಹಾಲ ಹೆಂಗ ಬರತಾವ, ಹುಡುಕ, ಸಿಡ್ಲ ಎಲ್ಲಿ ಹುಟ್ಟತೇತಿ, ಹುಡುಕ. ಆಮ್ಯಾಲೆ ದವಾಖಾನಿಂದ ಪರಸೂನೂ ಬಂದ, ಸೊರಗಿದ್ದ ಖರೆ, ತನ್ನ ಕಾಲ ಮ್ಯಾಲೆ ನಡಕೋತ ಬಂದ.

ಅದಕ್ಕ ಹೇಳತೇನಿ, ಸಂಕಟದಾಗ ಇದ್ದಾರಿಗೆ ನಿಮಗ ಚಲೋ ಅನಿಸಿದ್ದನ್ನ ಓದಬ್ಯಾಡ್ರಿ. ಅವರಿಗೆ ಏನ ತಿಳೀಬೇಕಾಗೇತಿ, ಅದನ್ನ ಮೊದಲ ಕೇಳ್ರಿ. ಏಳ್ರಿನ್ನ, ಚಾ ಆರಾಕತ್ತೇತಿ.