ಅರವತ್ತೊಂದು ಕೆಂಪು, ಐವತ್ತೆಂಟು ಬಿಳಿ

ನಿನ್ನೆ ಪ್ರವಚನ ಮುಗಿದ ಮೇಲೆ ನಿವೃತ್ತ ಮಾಸ್ತರರೊಬ್ಬರು ನನ್ನ ಹತ್ತಿರ ಬಂದರು. ಇಲ್ಲೇ ಇದ್ದಾರೆ, ಎರಡನೆಯ ಕಂಬದ ಪಕ್ಕ. ಹೆಸರು ಹೇಳಿದರೆ ನಾಚಿಕೊಳ್ಳುತ್ತಾರೆ, ಬೇಡ. ಅವರ ಕೈಯಲ್ಲಿ ಪತ್ರಿಕೆ ಇತ್ತು. ಯಾವುದೋ ದೇಶದಲ್ಲಿ ಸರ್ಕಾರ ಜನರನ್ನು ಕೇಳಿತಂತೆ: ಹೌದೋ ಅಲ್ಲವೋ, ನೀವೇ ಹೇಳಿ, ನೀವು ಹೇಳಿದಂತೆ ಮಾಡುತ್ತೇವೆ. ಜನ ಹೇಳಿದರು. ಅರ್ಧ ದೇಶ ಆ ಕಡೆ, ಅರ್ಧ ದೇಶ ಈ ಕಡೆ, ನಡುವೆ ಕೂದಲೆಳೆಯ ಅಂತರ. ಸರ್ಕಾರಕ್ಕೆ ಬೇಡವಾದ ಉತ್ತರವೇ ಗೆದ್ದಿತು. ಈಗ ಅದು ತಲೆ ಕೆರೆದುಕೊಳ್ಳುತ್ತಿದೆ. ಮಾಸ್ತರರು ಕೇಳಿದರು, "ಅಜ್ಜಾರ, ಸರ್ಕಾರ ಮಾತು ಉಳಿಸ್ಕೊಂತೈತೇನ್ರಿ?"

ನನಗೇನು ಗೊತ್ತು? ನಾನು ಮಠದ ಊಟ ಉಂಡು ನಿಮ್ಮೆದುರು ಕೂತು ಮಾತಾಡುವವನು. ಸರ್ಕಾರಗಳ ಮನಸ್ಸು ನನಗೆ ತಿಳಿಯದು. ಆದರೆ ಬೆಳಿಗ್ಗೆ ಸ್ನಾನ ಮಾಡುವಾಗ ಒಂದು ಕಥೆ ನೆನಪಾಯಿತು. ಗಡಿಯಾರ ನೋಡುವವರು ಸ್ವಲ್ಪ ಹೊತ್ತು ನನ್ನನ್ನು ನೋಡಿ.

ಮನೆಗಳಿಗಿಂತ ಮಗ್ಗಗಳೇ ಹೆಚ್ಚಿದ್ದ ಊರು ಒಂದಿತ್ತು. ನೂರಾ ಹತ್ತೊಂಬತ್ತು ಮನೆ, ಎರಡೇ ಓಣಿ. ಮೇಲಿನ ಓಣಿ, ಕೆಳಗಿನ ಓಣಿ. ಊರಿಗೊಬ್ಬ ಯಜಮಾನ, ಶ್ರೀಮಂತ. ಊರಿನ ನೂಲಿಗೆಲ್ಲ ಬಣ್ಣ ಹಾಕುವ ಬಣ್ಣದಮನೆ ಅವನದು, ಮೇಲಿನ ಓಣಿಯ ತುದಿಯಲ್ಲಿ. ಹನ್ನೊಂದು ಮನೆಯವರು ಅಲ್ಲಿ ದುಡಿಯುತ್ತಿದ್ದರು. ಯಜಮಾನ ಕೆಟ್ಟವನಲ್ಲ, ನೋಡಿ. ಕೆಟ್ಟವನಾಗಿದ್ದರೆ ಕಥೆ ಸುಲಭವಾಗುತ್ತಿತ್ತು. ನೀವೂ "ಅವನು ನಾನಲ್ಲ" ಎಂದುಕೊಂಡು ಹಾಯಾಗಿ ಮನೆಗೆ ಹೋಗುತ್ತಿದ್ದಿರಿ.

ಬಣ್ಣದಮನೆಯ ನೀರು ಹರಿದು ಹರಿದು ಕೆಳಗಿನ ಓಣಿಯ ಬಾವಿಗೆ ಇಳಿಯಿತು. ಮೊದಲ ವರ್ಷ ನೀರಿಗೆ ವಾಸನೆ ಬಂತು, ಮರುವರ್ಷ ಬಣ್ಣ ಬಂತು. ಹಿಟ್ಟು ನಾದಿದರೆ ಜೋಳದ ರೊಟ್ಟಿ ಕೆಂಪಗಾಗುತ್ತಿತ್ತು. ಮಕ್ಕಳ ಮೈಯೆಲ್ಲ ತುರಿಕೆ. ಕೆಳಗಿನ ಓಣಿಯವರು "ಬಣ್ಣದಮನೆ ಮುಚ್ಚಿ" ಎಂದರು. ಮೇಲಿನ ಓಣಿಯವರು "ಮುಚ್ಚಿದರೆ ಹನ್ನೊಂದು ಮನೆ ಏನು ತಿನ್ನಬೇಕು? ಬಣ್ಣದ ನೂಲಿಗೆ ನಾವು ಯಾವ ಊರಿಗೆ ಅಲೆಯಬೇಕು?" ಎಂದರು. ಯಾರು ಸರಿ? ನೀವು ಹೇಳಿ. ಇಬ್ಬರೂ ಸರಿ. ಇಬ್ಬರೂ ಸರಿಯಿರುವ ಜಗಳ ಇದೆಯಲ್ಲ, ಅದು ಬಹಳ ಕೆಟ್ಟದ್ದು. ಮೂರು ವರ್ಷ ಹಾಗೇ ನಡೆಯಿತು. ಕೊನೆಗೆ ಯಜಮಾನ ಬೇಸತ್ತು, "ಕೋಲು ಇಡೋಣ" ಎಂದ.

ಆ ಊರಿನಲ್ಲಿ ಅದೊಂದು ಪದ್ಧತಿ. ಊರು ಎರಡಾದ ದಿನ ಚಾವಡಿಯಲ್ಲಿ ಒಂದು ಕೋಲು ಇಡುತ್ತಾರೆ. ಮನೆಗೊಂದರಂತೆ ಎರಡು ಮೊಳದ ಎಳೆ ತಂದು ಕಟ್ಟಬೇಕು. ಹೌದು ಎನ್ನುವವರು ಕೆಂಪು, ಬೇಡ ಎನ್ನುವವರು ಬಿಳಿ. ಎಣಿಕೆ ಮುಗಿದ ಮೇಲೆ ಆ ಕೋಲನ್ನು ಚಾವಡಿಯ ಸಣ್ಣ ಮಗ್ಗಕ್ಕೆ ಏರಿಸಿ, ಅದೇ ಎಳೆಗಳಿಂದ ಎರಡು ಬೆರಳಗಲದ ಪಟ್ಟಿ ನೇಯ್ದು ಗೋಡೆಗೆ ಕಟ್ಟುತ್ತಾರೆ. ಪಟ್ಟಿ ನೇಯ್ದರೆ ಮಾತು ಆಯಿತು. ನೇಯುವ ತನಕ ಮಾತು ಆಗಲಿಲ್ಲ. ಇನ್ನೊಂದು ನಿಯಮವಿತ್ತು, ಅದನ್ನು ಮರೆಯಬೇಡಿ: ಪಟ್ಟಿ ನೇಯಬೇಕಾದವರು ಸೋತವರು. ನೇಯುವಾಗ ಎಳೆ ಕಡಿದರೆ ಪಕ್ಕದಲ್ಲಿ ಕೂತು ಕೂಡಿಸಬೇಕಾದವರು ಗೆದ್ದವರು. ಯಾವ ಹಿರಿಯರು ಮಾಡಿದ ನಿಯಮವೋ, ಅವರ ಪಾದಕ್ಕೆ ನಮಸ್ಕಾರ.

ಯಜಮಾನನ ಲೆಕ್ಕಾಚಾರ ಬೇರೆಯೇ ಇತ್ತು. ಬಣ್ಣದಮನೆ ಮುಚ್ಚಬೇಕು ಎನ್ನುವವನಿಗೆ ಕೆಂಪು ಎಳೆ ಬೇಕು. ಊರಿನಲ್ಲಿ ಕೆಂಪು ನೂಲು ಎಲ್ಲಿಂದ ಬರಬೇಕು? ಅವನ ಬಣ್ಣದಮನೆಯಿಂದಲೇ; ನೇಯಲು ಬೇಕಾದಷ್ಟೇ ತೂಗಿ ಕೊಡುತ್ತಿದ್ದ, ಮನೆಯಲ್ಲಿ ಎಳೆ ಉಳಿಯುತ್ತಿರಲಿಲ್ಲ. "ನಿನ್ನ ಬಾಗಿಲು ಮುಚ್ಚಬೇಕು, ಒಂದು ಎಳೆ ಕೊಡು" ಎಂದು ಅವನ ಬಾಗಿಲಿಗೇ ಬಂದು ಕೇಳುವ ಮುಖ ಯಾರಿಗಿದೆ? ಹೀಗೆಂದುಕೊಂಡು, ಗೆದ್ದೇ ಬಿಟ್ಟೆ ಎನ್ನುವ ಧೈರ್ಯದಲ್ಲಿ ಮಗ್ಗ ಮುಟ್ಟಿ ಆಣೆ ಮಾಡಿದ. "ಏನ ಬರ್ಲಿ, ಬಂದಂಗ ಮಾಡ್ತೀನಿ."

ಕೆಳಗಿನ ಓಣಿಯಿಂದ ಒಬ್ಬರೂ ಅವನ ಬಾಗಿಲಿಗೆ ಬರಲಿಲ್ಲ. ಎಲ್ಲರೂ ಕೆಂಪು ಎಳೆ ತಂದರು. ಎಲ್ಲಿಂದ? ತಾಯಂದಿರೇ, ನಿಮಗೆ ಆಗಲೇ ಹೊಳೆದಿದೆ, ಆ ಸಾಲಿನಲ್ಲಿ ನಗುತ್ತಿದ್ದೀರಿ. ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಒಂದು ಮದುವೆ ಸೀರೆ ಇತ್ತು, ಅದಕ್ಕೆ ಕೆಂಪು ಸೆರಗಿತ್ತು. ಹೆಂಗಸರು ಕೂತು ತಮ್ಮ ಸೆರಗಿನಿಂದ ಒಂದೊಂದು ಎಳೆ ಬಿಡಿಸಿ ಕೊಟ್ಟರು. ಸೀರೆಯ ನೂಲಿಗೆ ಬಣ್ಣ ಹಾಕಿಯೇ ಬದುಕಿದವನು ಸೀರೆಯ ಸೆರಗು ಮರೆತಿದ್ದ.

ಎಣಿಸಿದರು. ಕೆಂಪು ಅರವತ್ತೊಂದು, ಬಿಳಿ ಐವತ್ತೆಂಟು.

ಈಗ ನೋಡಿ ಯಜಮಾನನನ್ನು. ಮೊದಲ ದಿನ ಅಂದ, "ಮೂರ ಎಳಿ ಅಂತರ. ಇದೊಂದ ಅಂತರ ಏನ್ರಪಾ?" ಮೂರು ಎಳೆ ಬಿಳಿ ಹೆಚ್ಚಿದ್ದರೆ ಹೀಗೆ ಅನ್ನುತ್ತಿದ್ದನೇ? ಅನ್ನುತ್ತಿರಲಿಲ್ಲ. ಎರಡನೆಯ ವಾರ ಕೋಲನ್ನು ಬೆಳಕಿಗೆ ಹಿಡಿದು ನೋಡಿದ. ಹಳೆಯ ಸೀರೆಯ ಎಳೆ, ಒಗೆದು ಒಗೆದು ಬಣ್ಣ ಹೋಗಿತ್ತು. "ಇದು ಕೆಂಪಲ್ಲ, ಮಸುಕು. ಕಟ್ಟಿದವರ ಮನಸ್ಸೂ ಮಸುಕ ಐತಿ" ಎಂದ. ಮೂರನೆಯ ವಾರ ಹಿರಿಯರ ಒಂದು ಸಮಿತಿ ಮಾಡಿದ. ಮುಚ್ಚುವುದು ಎಂದರೆ ಏನು? ಬಾಗಿಲು ಮುಚ್ಚುವುದೋ, ಒಲೆ ಆರಿಸುವುದೋ, ಬರೀ ಮೋರಿ ಮುಚ್ಚುವುದೋ? ಸಮಿತಿ ಹದಿನೈದು ದಿನ ಚಹಾ ಕುಡಿಯಿತು. ಕೊನೆಗೆ ಅಂದ, "ದೀಪಾವಳಿ ಆಗ್ಲಿ, ಇನ್ನೊಮ್ಮೆ ಕೋಲು ಇಡೂಣು."

ನಗಬೇಡಿ. ಅವನಿಗೆ ನಿಜವಾಗಿಯೂ ಅನ್ನಿಸಿತ್ತು, ಮುಚ್ಚಿದರೆ ಊರು ಹಾಳಾಗುತ್ತದೆ, ಆ ಹನ್ನೊಂದು ಮನೆಯ ಶಾಪ ತಟ್ಟುತ್ತದೆ ಎಂದು. ಮಾತು ತಪ್ಪುವವರಿಗೆಲ್ಲ ಒಂದು ಒಳ್ಳೆಯ ಕಾರಣ ಇದ್ದೇ ಇರುತ್ತದೆ.

ಕೋಲು ಚಾವಡಿಯ ಮೂಲೆಯಲ್ಲಿ ನಿಂತಿತು, ಊರು ಕೆಡತೊಡಗಿತು. ಮೊದಲು ಮೇಲಿನ ಓಣಿಯ ಮಗ್ಗಕ್ಕೆ ಹೊಸ ಹಾಸುನೂಲು ಹೂಡಿದರೆ ಎಳೆ ಕೂಡಿಸಲು ಕೆಳಗಿನ ಓಣಿಯ ಹೆಂಗಸರು ಬರುತ್ತಿದ್ದರು. ಅದು ನಿಂತಿತು. ಇವರು ಅವರನ್ನು "ನೀರು ಕೆಡಿಸಿದವರು" ಎಂದರು, ಅವರು ಇವರನ್ನು "ಅನ್ನ ಕಸಿಯುವವರು" ಎಂದರು. ಮದುವೆಯ ಕರೆ ನಿಂತಿತು. ಕೋಲು ಇಡುವ ಮೊದಲು ಅದು ಒಂದು ಬಾವಿಯ ಜಗಳವಾಗಿತ್ತು, ಈಗ ಮನುಷ್ಯರ ಜಗಳವಾಯಿತು.

ಇಂಥ ಕಥೆಗಳಲ್ಲಿ ಹೆಸರು ಹೇಳುವ ವಾಡಿಕೆಯಿಲ್ಲ. ಆದರೆ ಒಬ್ಬ ಹೆಣ್ಣುಮಗಳಿಗೆ ಹೆಸರಿಡದೆ ನನಗೆ ಕಥೆ ಹೇಳಲಾಗದು. ಆಕೆ ದಾನವ್ವ. ಮೇಲಿನ ಓಣಿಯವಳು, ಗಂಡನಿಲ್ಲದವಳು, ಹದಿನೆಂಟು ವರ್ಷ ಬಣ್ಣದಮನೆಯಲ್ಲಿ ನೂಲು ಅದ್ದಿದವಳು. ಎರಡೂ ಕೈ ಮೊಣಕೈತನಕ ಕೆಂಪು. ಆಕೆ ಕಟ್ಟಿದ್ದು ಬಿಳಿ ಎಳೆ. ಒಂದು ಸೋಮವಾರ ಬೆಳಿಗ್ಗೆ ನೇರ ಚಾವಡಿಗೆ ಬಂದಳು. ಯಜಮಾನ ಕೂತಿದ್ದ.

"ಯಜಮಾನ್ರ, ನಾ ಯಾವ ಎಳಿ ಕಟ್ಟೀನಿ, ಗೊತ್ತೈತೇನ್ರಿ?"

"ಗೊತ್ತೈತಿ ತಂಗಿ, ಬಿಳೇದು. ನಿಮ್ಮ ಸಲುವಾಗೇ ನಾ ಇಷ್ಟ ಒದ್ದಾಡಾಕತ್ತೀನಿ."

"ನನ್ನ ಸಲುವಾಗಿ ಒದ್ದಾಡಬ್ಯಾಡ್ರಿ. ನಾ ಸೋತೀನಿ. ಸೋತಾಕಿಗೆ ಸೋತಿ ಅಂತ ಹೇಳ್ರಿ."

ಯಜಮಾನ ಗಾಬರಿಯಾದ. "ಮುಚ್ಚಿದ್ರ ನಿನ್ನ ಮನಿ ಒಲಿ ಹೆಂಗ ಉರೀತೈತಿ?"

"ಅದು ನನಗೂ ಗೊತ್ತಿಲ್ಲರಿ. ಅಂಜಿಕಿ ಆಗೇತಿ, ಅದಕ್ಕ ಬಿಳೇದ ಕಟ್ಟಿದೆ. ಖರೆ, ನೀವು ಕೇಳಿದ್ರಿ ಅಂತ ಕಟ್ಟಿದೆ. ಹುಟ್ಟಿದಾಗಿಂದ ನನ್ನ ಯಾರೂ ಏನೂ ಕೇಳಿದ್ದಿಲ್ಲ. ಲಗ್ನ ಮಾಡೂ ಮುಂದ ಕೇಳ್ಲಿಲ್ಲ, ಗಂಡ ಸತ್ತಾಗ ಬಳಿ ಒಡಿಯೂ ಮುಂದ ಕೇಳ್ಲಿಲ್ಲ. ನೀವೊಬ್ರು ಕೇಳಿದ್ರಿ. ಅವತ್ತ ಮನಿಗೆ ಹೋಗಿ ನಾ ಅತ್ತೀನ್ರಿ, ಸಂತೋಷಕ್ಕ. ಈಗ ಅವರ ಅರವತ್ತೊಂದ ಎಳಿ ಕಸ ಅಂದ್ರ ನನ್ನ ಎಳೀನೂ ಕಸಾನ ಅಲ್ರಿ? ನಾಳೆ ನಾ ಗೆದ್ದ ದಿನಾನೂ ನೀವು ಹಿಂಗ ಸಮಿತಿ ಮಾಡ್ಕೊಂಡ ಕುಂದ್ರತೀರಿ."

ಯಜಮಾನ ತಲೆ ತಗ್ಗಿಸಿದ.

ದಾನವ್ವ ಮೂಲೆಯ ಕೋಲು ತಗೊಂಡಳು. "ಸೋತವರು ನೇಯಬೇಕು ಅಂತ ಐತಲ್ರಿ. ನೀವು ನೇಯಲಿಲ್ಲ ಅಂದ್ರ ನಾ ನೇಯ್ತೀನಿ." ಕೋಲನ್ನು ಮಗ್ಗಕ್ಕೆ ಏರಿಸಿ ತಾನೇ ಕೂತಳು.

ಸುದ್ದಿ ಕೆಳಗಿನ ಓಣಿಗೆ ಮುಟ್ಟಿತು. ಗೆದ್ದೆವು ಎಂದು ಹಲಗೆ ಬಾರಿಸಿಕೊಂಡು, ಗುಲಾಲು ಹಿಡಿದು ಗುಂಪು ಬಂತು. ಮುಂದೆ ಇದ್ದವನು ಮಾಗುಂಡಪ್ಪ. ಮೂರು ವರ್ಷ ಎಲ್ಲರಿಗಿಂತ ಜೋರಾಗಿ ಕೂಗಿದವನು. ಬಾಗಿಲಲ್ಲಿ ನಿಂತು ನೋಡಿದರೆ, ತನ್ನ ಅನ್ನ ತಾನೇ ಕಳೆದುಕೊಳ್ಳುವ ಪಟ್ಟಿಯನ್ನು ಆ ಹೆಣ್ಣುಮಗಳು ಕೆಂಪು ಕೈಯಲ್ಲಿ ನೇಯುತ್ತಿದ್ದಾಳೆ. ಹಳೆಯ ಸೆರಗಿನ ಎಳೆಗಳು, ಮಗ್ಗದ ಮೂರು ಬಡಿತಕ್ಕೊಂದು ಕಡಿಯುತ್ತಿವೆ. ದಾನವ್ವ ತಲೆ ಎತ್ತದೆ ಅಂದಳು, "ಮಾಗುಂಡಣ್ಣ, ಕಡದೈತಿ ನೋಡು, ಕೂಡಿಸು ಬಾ. ನಿನ್ನ ಹೇಣ್ತಿ ಸೆರಗಿನ ಎಳೀನ ಇರಬೇಕು."

ಹಲಗೆ ನಿಂತಿತು. ಮಾಗುಂಡಪ್ಪ ಗುಲಾಲಿನ ತಟ್ಟೆಯನ್ನು ಹೊರಗಿಟ್ಟು ಒಳಗೆ ಬಂದು ಕೂತ. ಮಧ್ಯಾಹ್ನದವರೆಗೆ ಅವಳು ನೇಯ್ದಳು, ಅವನು ಕಡಿದ ಎಳೆ ಕೂಡಿಸಿದ. ಅದನ್ನು ನೋಡುತ್ತ ಕೂತಿದ್ದ ಯಜಮಾನ ಎದ್ದು ಬಣ್ಣದಮನೆಗೆ ನಡೆದ. ತಾನೇ ಕೊಡ ಎತ್ತಿ ಒಲೆಗಳಿಗೆ ನೀರು ಸುರಿದ. ಒಳಗಿದ್ದವರು ಅಳುತ್ತಿದ್ದರು, ಅವನೂ ಅತ್ತ.

ಪಟ್ಟಿ ಮುಗಿದಾಗ ಮಾಗುಂಡಪ್ಪ ನೆಲ ನೋಡುತ್ತ ಅಂದ, "ದಾನವ್ವಕ್ಕ, ನಮ್ಮ ಮನ್ಯಾಗ ಒಂದು ಮಗ್ಗ ಖಾಲಿ ಐತಿ. ನಿನ್ನ ಕೈಯಾಗಿನ ನೇಯ್ಗಿ ನೋಡೀನಿ. ಬಾ."

ಆಮೇಲೆ ಎಲ್ಲ ಸರಿಹೋಯಿತೇ? ಪೀಠದ ಮೇಲೆ ಕೂತು ಸುಳ್ಳು ಹೇಳಲಾರೆ. ಬಾವಿ ತಿಳಿಯಾಗಲು ಎರಡು ಬೇಸಿಗೆ ಹಿಡಿಯಿತು. ಹನ್ನೊಂದು ಮನೆಯಲ್ಲಿ ಏಳು ಮನೆಯವರಿಗೆ ಕೆಳಗಿನ ಓಣಿಯಲ್ಲೇ ಕೆಲಸ ಸಿಕ್ಕಿತು, ನಾಲ್ಕು ಮನೆಯವರು ಊರು ಬಿಟ್ಟರು. ದಾನವ್ವನ ಕೈಯ ಕೆಂಪು ಹೋಗಲು ವರ್ಷವೇ ಬೇಕಾಯಿತು. ಆದರೆ ಎಳೆ ಕೂಡಿಸಲು ಈ ಓಣಿಯ ಹೆಂಗಸರು ಆ ಓಣಿಗೆ ಮತ್ತೆ ಹೋದರು. ಊರು ಉಳಿಯಿತು.

ಮಾಸ್ತರರೇ, ನಿಮ್ಮ ಸರ್ಕಾರದ ವಿಷಯ ನನಗೆ ಈಗಲೂ ಗೊತ್ತಿಲ್ಲ. ಉಳಿಸಿಕೊಂಡರೆ ನೋವಾಗುತ್ತದೆ. ಉಳಿಸಿಕೊಳ್ಳದಿದ್ದರೆ ಗೆದ್ದವರ ಮಾತೂ ಸೋತವರ ಮಾತೂ ಒಟ್ಟಿಗೆ ಕಸವಾಗುತ್ತದೆ. ಅಷ್ಟು ಮಾತ್ರ ಬಲ್ಲೆ. ಆದರೆ ನಾನು ಕೇಳುವುದು ಬೇರೆ. ನಿಮ್ಮ ಮನೆಯ ಸರ್ಕಾರ ಯಾರದು?

ಮಗಳನ್ನು ಕೂರಿಸಿ ಕೇಳುತ್ತೀರಿ: "ಹುಡುಗ ಒಪ್ಪಿಗಿ ಏನವ್ವಾ?" ನಾವು ಹಳೆಯ ಕಾಲದವರಲ್ಲ, ಕೇಳಿ ಮಾಡುವವರು ಎಂದು ನಾಲ್ಕು ಜನರ ಮುಂದೆ ಹೆಮ್ಮೆ ಬೇರೆ. ಅವಳು ಬೇಡ ಎನ್ನುತ್ತಾಳೆ. ಆಗ ಅವಳ ಸೋದರತ್ತೆಯನ್ನು ಕಳಿಸುತ್ತೀರಿ, ಆಮೇಲೆ ಸೋದರಮಾವನನ್ನು. "ಅವಳಿಗೆ ಸರಿಯಾಗಿ ತಿಳಿದಿಲ್ಲ, ಇನ್ನೊಮ್ಮೆ ಕೇಳೋಣ" ಎನ್ನುತ್ತೀರಿ. ಐದನೆಯ ಸಲ ಅವಳು ದಣಿದು ಸುಮ್ಮನಾಗುತ್ತಾಳೆ. "ನೋಡಿ, ಒಪ್ಪಿದಳು" ಎಂದು ಸಕ್ಕರೆ ಹಂಚುತ್ತೀರಿ. ಬೇಡ ಅಂದರೆ ಮಸುಕು, ಸುಮ್ಮನಿದ್ದರೆ ಅಚ್ಚ ಕೆಂಪು. ಅಲ್ಲವೇ? ಕೇಳುವ ಮನಸ್ಸಿಲ್ಲದಿದ್ದರೆ ಕೇಳಬೇಡಿ. ಕೇಳಿದಿರೋ, ಮೊದಲ ಉತ್ತರವೇ ಉತ್ತರ. ಇನ್ನು ಸಂಘದ ಚುನಾವಣೆ ಗೆದ್ದು ಸೋತವನ ಮನೆ ಮುಂದೆಯೇ ಪಟಾಕಿ ಹೊಡೆದವರು ಇಲ್ಲಿದ್ದೀರಿ, ನನಗೆ ಗೊತ್ತು. ನಾಳೆ ಅವನ ಮನೆಗೆ ಹೋಗಿ ಒಂದು ಚಹಾ ಕುಡಿದು ಬನ್ನಿ. ಕಡಿದ ಎಳೆ ಕೂಡಿಸುವ ಕೆಲಸ ನಿಮ್ಮದು.

ಬೇರೆಯವರಿಗೆ ಹೇಳಿದ್ದಾಯಿತು. ಈಗ ನನ್ನದು. ಶ್ರಾವಣದ ಮೊದಲ ದಿನ ಇದೇ ಪೀಠದಿಂದ ನಾನು ಕೇಳಿದ್ದೆ, ಪ್ರವಚನ ಆರಕ್ಕೋ ಏಳಕ್ಕೋ ಎಂದು. ಕೈ ಎತ್ತಿಸಿದೆ, ನಾನೇ ಎಣಿಸಿದೆ. ಆರಕ್ಕೆ ಹೆಚ್ಚು ಕೈಗಳಿದ್ದವು, ಸ್ವಲ್ಪವೇ ಹೆಚ್ಚು. ಹಿಂದಿನ ಸಾಲಿನ ತಾಯಂದಿರು, ಹಳ್ಳಿಗೆ ಬಸ್ಸು ಹಿಡಿಯಬೇಕಾದವರು. ಆಮೇಲೆ ಅಂಗಡಿಯ ಯಜಮಾನರು ಬಂದು "ಆರೂವರೆತನಕ ಗಿರಾಕಿ ಇರ್ತಾರ್ರಿ" ಎಂದರು. ನಾನು ಹೂಂ ಎಂದೆ. ನನಗೂ ಸಂಜೆ ಒಂದು ನಿದ್ದೆ ಬೇಕಿತ್ತು, ಯಾಕೆ ಮುಚ್ಚಿಡಲಿ? ಏಳಕ್ಕೇ ಶುರು ಮಾಡಿದೆ. ಎಂಟು ದಿನವಾಯಿತು. ಆ ತಾಯಂದಿರು ದಿನಾ ಕಥೆಯ ನಡುವೆ ಎದ್ದು ಬಸ್ಸಿಗೆ ಓಡುತ್ತಾರೆ. ಮೊನ್ನೆ ನಾನು ಈ ಮೈಕಿನಲ್ಲೇ ಅವರನ್ನು ಗದರಿದೆ, ಭಕ್ತಿ ಇಲ್ಲ ಎಂದೆ. ತಪ್ಪಾಯಿತು ತಾಯಂದಿರೇ. ಕೇಳಿದವನು ನಾನು, ಕೋಲನ್ನು ಮೂಲೆಗಿಟ್ಟವನೂ ನಾನೇ.

ನಾಳೆಯಿಂದ ಆರಕ್ಕೆ. ಅಂಗಡಿಯವರೇ, ನೀವು ಸೋತಿರಿ, ನಾನೂ ಸೋತೆ. ಸಿಟ್ಟು ಮಾಡಿಕೊಂಡು ಮನೆಯಲ್ಲಿ ಕೂರಬೇಡಿ, ತಡವಾದರೂ ಬನ್ನಿ. ತಾಯಂದಿರೇ, ತಡವಾಗಿ ಬರುವವರಿಗೆ ಮುಂದಿನ ಸಾಲಿನಲ್ಲಿ ಜಾಗ ಹಿಡಿದಿಡಿ, ಅಲ್ಲಿಯವರೆಗೆ ಆದ ಕಥೆಯನ್ನು ಮೆಲ್ಲಗೆ ಅವರಿಗೆ ಹೇಳಿ. ಈಗ ಏಳಿ. ಮಂಗಳಾರತಿ ಆಮೇಲೆ ಆಗುತ್ತದೆ, ಬಸ್ಸಿಗೆ ಹೊತ್ತಾಯಿತು.